ಮುಳುಗಡೆ ಮನೆಯ ತೊಲೆ, ಮೂರು ಮುದ್ರೆಯ ಹೆಂಚು: ನಮ್ಮೂರ ಸಮುದಾಯ ಭವನದ ರಿಪೇರಿ

ಪಡುವಣ ಗೋಡೆಯಲ್ಲಿ, ವೇದಿಕೆಯ ಪಕ್ಕದ ತೊಲೆ ಗೋಡೆಯನ್ನು ಹೊಕ್ಕುವ ಜಾಗದಲ್ಲಿ, ಬಹಳ ವರ್ಷಗಳಿಂದ ಒಂದು ಕಂದು ಕಲೆ ಇತ್ತು. ಪ್ರತಿ ಬೇಸಿಗೆಯಲ್ಲಿ ಸುಣ್ಣ ಬಳಿದು ಮುಚ್ಚುತ್ತಿದ್ದೆವು, ಪ್ರತಿ ಆಷಾಢದಲ್ಲಿ ಮತ್ತೆ ಮೂಡುತ್ತಿತ್ತು. ಹೋದ ಮಳೆಗಾಲದಲ್ಲಿ ಕಲೆ ಇಳಿದು ವೇದಿಕೆಯ ಮಟ್ಟ ಮುಟ್ಟಿತು. ಹೊರಗೆ ರಸ್ತೆಯಲ್ಲಿ ನಿಂತು ನೋಡಿದರೆ ಮಾಡಿನ (ಹೆಂಚಿನ ಚಾವಣಿಯ) ನೆತ್ತಿ ಆ ಭಾಗದಲ್ಲಿ ಕುಸಿದಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ಏಣಿ ಹತ್ತಿ ಸ್ಕ್ರೂಡ್ರೈವರಿನ ತುದಿಯನ್ನು ತೊಲೆಗೆ ಒತ್ತಿದಾಗ ಅದು ಹಿಡಿಕೆಯವರೆಗೂ ಒಳಗೆ ಹೋಯಿತು. ಇನ್ನು ಸುಣ್ಣ ಬಳಿಯುವ ಮಾತೇ ಇರಲಿಲ್ಲ.

ಭವನ ಇರುವುದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಸೀಮೆಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಮುಳುಗಿದವು. ಅದಕ್ಕೂ ಮೊದಲೇ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಕಾಲದಲ್ಲಿ ಒಮ್ಮೆ ಜಾಗ ಬಿಟ್ಟವರೂ ಇದ್ದರು. ಈಗ ಆ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಡಿ ಇದೆ, ನೀರು ತೀರಾ ತಗ್ಗಿದ ಬೇಸಿಗೆಗಳಲ್ಲಿ ಮಾತ್ರ ಹೊರಗೆ ಕಾಣುತ್ತದೆ. ಮುಳುಗಡೆಯವರಲ್ಲಿ ಬಹಳ ಮಂದಿ ಶಿವಮೊಗ್ಗ, ಭದ್ರಾವತಿ ಕಡೆಗೆ ಸಾಗಿದರು. ಕೆಲವರು ಹತ್ತಿರದ ದಿಬ್ಬ ಹತ್ತಿ ಅಲ್ಲೇ ನೆಲೆಸಿದರು. ನಮ್ಮದು ಹಾಗೆ ದಿಬ್ಬ ಹತ್ತಿದವರ ಊರು. ತಮ್ಮ ಮನೆಗಳು ಒಂದು ಹದಕ್ಕೆ ಬಂದ ಕೂಡಲೇ ಅವರು ಒಟ್ಟಾಗಿ ಕಟ್ಟಿದ ಕಟ್ಟಡ ಇದು.

ಇದಕ್ಕೆ ದಾಖಲೆ ಎಂದರೆ ಬಾಗಿಲ ಪಕ್ಕದ ಕಲ್ಲು ಒಂದೇ. ಅದರಲ್ಲಿ ಉದ್ಘಾಟನೆಗೆ ಬಂದ ಅತಿಥಿಯ ಹೆಸರು ದೊಡ್ಡದಾಗಿದೆ, ಕೆಳಗೆ ‘ಊರ ಹತ್ತು ಸಮಸ್ತರು’ ಎಂದು ಸಣ್ಣದಾಗಿದೆ. ನೀಲಿನಕ್ಷೆ ಇಲ್ಲ, ಖರ್ಚಿನ ಪುಸ್ತಕ ಇಲ್ಲ. ಹಾಗಾಗಿ ಎಲ್ಲಿ ಏನಿದೆ ಎಂದು ತಿಳಿಯಲು ಬಿಚ್ಚಿ ನೋಡುವುದೊಂದೇ ದಾರಿಯಾಗಿತ್ತು. ಯಾರು ಏನು ಕೊಟ್ಟರು ಎಂಬುದೂ ಬಿಚ್ಚಿದಾಗಲೇ ತಿಳಿಯಿತು.

ಯಾವಾಗ ಬಿಚ್ಚುವುದು

ಇದು ಸಣ್ಣ ಪ್ರಶ್ನೆ ಏನಲ್ಲ. ದೀಪಾವಳಿಯಿಂದ ಶಿವರಾತ್ರಿಯ ಆಸುಪಾಸಿನವರೆಗೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆಗ ಸ್ವಂತ ಮನೆಯ ಕೆಲಸಕ್ಕೇ ಆಳು ಸಿಗುವುದಿಲ್ಲ. ಮೇ ತಿಂಗಳ ಮಧ್ಯದಲ್ಲಿ ಗುಡುಗು ಮಳೆ ಶುರು. ನಡುವೆ ಸಿಗುವ ಬಿಡುವಿನಲ್ಲೇ ಮಾಡು ಇಳಿಸಿ, ಮರ ಸರಿಪಡಿಸಿ, ಗಾರೆ ಒಣಗಿಸಿ, ಮತ್ತೆ ಹೊದೆಸಬೇಕು. ಕಟ್ಟಿದವರೂ ಇದೇ ಬಿಡುವಿನಲ್ಲಿ ಕಟ್ಟಿದ್ದು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯ ದಿನಗಳಿಂದ ಹಳ್ಳಿಹಳ್ಳಿಯಲ್ಲಿ ಶ್ರಮದಾನದ ಮಾತು ಕೇಳಿಬರುತ್ತಿತ್ತು. ಆದರೆ ನಮ್ಮವರಿಗೆ ಅದನ್ನು ಹೊಸದಾಗಿ ಯಾರೂ ಕಲಿಸಬೇಕಾಗಿರಲಿಲ್ಲ. ಗದ್ದೆ ನೆಟ್ಟಿಗೆ, ಮನೆ ಹೊದಿಕೆಗೆ ಮುಯ್ಯಾಳು ಹೋಗುವುದು ಅವರ ಬದುಕೇ ಆಗಿತ್ತು. ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಭವನದ ವಿಷಯದಲ್ಲಿ ಮುಯ್ಯಿ ತೀರಿಸಬೇಕಾದ ಮನೆ ಯಾವುದೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಬಾರಿ ನಮಗೆ ಒಂದು ಅನುಕೂಲ ಇತ್ತು. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದದ್ದರಿಂದ ಸಾಗರದಿಂದ ಸಾಮಾನು ತರಲು ಹಿನ್ನೀರು ದಾಟಿಸುವ ಲಾಂಚಿನ ಸರದಿಗೆ ಕಾಯಬೇಕಾಗಲಿಲ್ಲ. ಬೆಂಗಳೂರಿನಲ್ಲಿರುವ ಹುಡುಗರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಗ್ಗೆ ಹೆಂಚು ಹೊರಲು ಹಾಜರಾಗುತ್ತಿದ್ದರು.

ಹೆಂಚು ಇಳಿಸಿದ್ದು

ಮಂಗಳೂರು ಹೆಂಚು ಒಣಗಿದಾಗ ಒಂದಕ್ಕೆ ಸುಮಾರು 2.5 ಕಿಲೋ ತೂಗುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಹಿಡಿಯುತ್ತದೆ. ಅಂದರೆ ತಲೆಯ ಮೇಲಿನ ಪ್ರತಿ ಚದರ ಮೀಟರಿನಲ್ಲೂ ಒಬ್ಬ ಶಾಲೆಯ ಹುಡುಗನಷ್ಟು ಭಾರ. ಇದನ್ನು ಒಂದೇ ಇಳಿಜಾರಿನಿಂದ ತೆಗೆಯುತ್ತ ಹೋದರೆ ಇನ್ನೊಂದು ಬದಿಯ ಭಾರ ಇಡೀ ಚೌಕಟ್ಟನ್ನು ತನ್ನ ಕಡೆಗೆ ತಳ್ಳುತ್ತದೆ. ಆದ್ದರಿಂದ ನೆತ್ತಿಯಿಂದ ಶುರುಮಾಡಿ ಎರಡೂ ಬದಿಯಲ್ಲಿ ಸಾಲಿಗೆ ಸಾಲು ಸಮವಾಗಿ ಇಳಿಸಬೇಕು. ಮೇಲೆ ಇಬ್ಬರು, ಅಟ್ಟಣಿಗೆಯ ಮೇಲೆ ಇಬ್ಬರು, ಕೆಳಗೆ ಸಾಲಾಗಿ ನಿಂತ ಹೆಂಗಸರು ಮತ್ತು ಮಕ್ಕಳು. ಹೆಂಚು ಕೈಯಿಂದ ಕೈಗೆ ಬರುತ್ತಿತ್ತು. ಅಟ್ಟಣಿಗೆ ಅಡಿಕೆ ಮರದ್ದು. ಕಂಬಗಳನ್ನು ಹಗ್ಗದಿಂದ ಬಿಗಿದಿದ್ದೆವು.

ಇಳಿಸಿದ ಪ್ರತಿ ಹೆಂಚನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಬೇಕು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ಗಟ್ಟಿ ಹೆಂಚು ಠಣ್ಣೆನ್ನುತ್ತದೆ, ಸೀಳಿದ್ದು ಡಬ್ಬೆನ್ನುತ್ತದೆ. ಒಂದು ದಿನ ಕಳೆಯುವುದರೊಳಗೆ ಆರನೆಯ ತರಗತಿಯ ಹುಡುಗಿಯರು ನಮಗಿಂತ ಚುರುಕಾಗಿ ಬೇರ್ಪಡಿಸುತ್ತಿದ್ದರು. ಒಳ್ಳೆಯದನ್ನು ನೀರಿನಲ್ಲಿ ನೆನೆಸಿ ತಂತಿಯ ಬ್ರಷ್ಷಿನಿಂದ ಪಾಚಿ ಉಜ್ಜಿದೆವು. ಸೀಳಿದ್ದನ್ನು ಎಸೆಯಲಿಲ್ಲ, ಅದರ ಉಪಯೋಗ ಮುಂದೆ ಬರುತ್ತದೆ.

ಪಾಚಿ ಹೋದಾಗ ಹಿಂಬದಿಯ ಮುದ್ರೆಗಳು ಕಂಡವು. ಮೂರು ಬೇರೆ ಬೇರೆ ಕಾರ್ಖಾನೆಗಳವು. ಒಂದು ಗುಂಪಿನಲ್ಲಿ ಬಾಸೆಲ್ ಮಿಷನ್ ಹೆಸರು, ಜೊತೆಗೆ 1865. ಹುಡುಗರು ಹೆಂಚು 1865ರದ್ದೆಂದು ಕುಣಿದಾಡಿಬಿಟ್ಟರು. ಅದು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಆಮೇಲೆ ತಯಾರಾದ ಹೆಂಚಿಗೂ ಅದೇ ವರ್ಷವನ್ನು ಒತ್ತುತ್ತಿದ್ದರು. ಆದರೂ ಅರವತ್ತರ ದಶಕದ ಕಟ್ಟಡದ ಮೇಲೆ ಅಷ್ಟು ಹಳೆಯ ಮುದ್ರೆ ಹೇಗೆ ಬಂತು? ಹೊಸ ಹೆಂಚು ಕೊಂಡಿದ್ದರೆ ಒಂದೇ ಮುದ್ರೆ ಇರಬೇಕಿತ್ತು. ಊರಿನ ಹಿರಿಯಜ್ಜಿಯೊಬ್ಬರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಕೇಳಿದ್ದಕ್ಕೆ, “ಕೆಳಗಿನ ಮನೆಗಳದ್ದು ತಮ್ಮಾ, ನೀರು ಬರುವ ಮೊದಲು ಇಳಿಸಿ ತಂದದ್ದು. ಹೆಂಚಿನ ಮನೆ ಇದ್ದದ್ದು ಎಷ್ಟು ಜನಕ್ಕೆ? ಉಳಿದವರದ್ದು ಸೋಗೆ, ಹುಲ್ಲು. ಹೆಂಚು ಇದ್ದವರು ಹೆಂಚು ಕೊಟ್ಟರು, ಇಲ್ಲದವರು ಕಲ್ಲು ಹೊತ್ತರು” ಎಂದರು.

ಹೆಂಚು ಕೂರಿಸುವವರಿಗೆ ಈ ಚರಿತ್ರೆ ತಲೆನೋವು. ಕಾರ್ಖಾನೆ ಬದಲಾದರೆ ಅಚ್ಚು ಬದಲಾಗುತ್ತದೆ. ಹೆಂಚಿನಡಿಯ ಅಡ್ಡಪಟ್ಟಿಯಾದ ರೀಪಿಗೆ ಕಚ್ಚಿಕೊಳ್ಳುವ ಮೂಗು, ಅಂಚಿನ ಗಾಡಿ (ಒಂದಕ್ಕೊಂದು ಕೂರುವ ತೋಡು), ನೀರು ಹರಿಯುವ ತಗ್ಗು, ಎಲ್ಲವೂ ಕೂದಲೆಳೆಯಷ್ಟು ವ್ಯತ್ಯಾಸ. ಒಂದರ ಪಕ್ಕ ಇನ್ನೊಂದು ಕೂತಂತೆ ಕಾಣುತ್ತದೆ, ಗಾಳಿಮಳೆ ಬಂದಾಗ ಆ ಸಂದಿಯಿಂದಲೇ ನೀರು ಒಳಗೆ ಬರುತ್ತದೆ. ಹಳೆಯವರು ಇದಕ್ಕೆ ಕಂಡುಕೊಂಡ ಉಪಾಯ ಮಾಡು ಬಿಚ್ಚುವಾಗಲೇ ಕಾಣುತ್ತಿತ್ತು: ಮುದ್ರೆ ಬದಲಾಗುವ ಕಡೆ ನೆತ್ತಿಯಿಂದ ಸೂರಿನವರೆಗೆ ನೇರ ಗೆರೆ, ಆ ಗೆರೆಯ ಉದ್ದಕ್ಕೂ ಗಾರೆ. ಆಮೇಲಿನ ವರ್ಷಗಳಲ್ಲಿ ಒಡೆದದ್ದಕ್ಕೆ ಸಿಕ್ಕಿದ್ದನ್ನು ತುರುಕುತ್ತ ಬಂದು ಆ ಶಿಸ್ತು ಕೆಟ್ಟಿತ್ತು. ನಾವು ಮತ್ತೆ ವಿಂಗಡಿಸಿದೆವು. ಮುಂಗಾರು ಗಾಳಿ ನೇರವಾಗಿ ಹೊಡೆಯುವ ಪಡುವಣ ಇಳಿಜಾರಿಗೆ ಹೆಚ್ಚು ಸಂಖ್ಯೆಯಲ್ಲಿದ್ದ ಒಂದೇ ಮುದ್ರೆಯ ಹೆಂಚು, ಮೂಡಣಕ್ಕೆ ಉಳಿದ ಎರಡು, ನಡುವೆ ಅದೇ ಹಳೆಯ ಗೆರೆ.

ತೊಲೆಯ ತುದಿ

ಹೆಂಚು, ರೀಪು, ರೀಪನ್ನು ಹೊರುವ ಇಳಿಜಾರು ಮರಗಳಾದ ಪಕಾಸಿ ಸರಿದ ಮೇಲೆ ಆ ತೊಲೆಯನ್ನು ಬೆಳಕಿನಲ್ಲಿ ನೋಡಿದೆವು. ಮತ್ತಿ ಮರ, ಒಂದು ಅಡಿ ಎತ್ತರ. ಅದರ ಕೆಳಮೈಯಲ್ಲಿ ಈ ಕಟ್ಟಡಕ್ಕೆ ಸಂಬಂಧವೇ ಇಲ್ಲದ ಎರಡು ಚೌಕ ಕಿಂಡಿಗಳು. ಯಾವುದೋ ಕಂಬದ ತಲೆ ಅಲ್ಲಿ ಕೂರುತ್ತಿತ್ತು, ಈಗ ಆ ಜಾಗದಲ್ಲಿ ಕಂಬವಿಲ್ಲ. ನಡುವೆ ಒಂದು ಕಬ್ಬಿಣದ ಕೊಂಡಿ, ಒಳಮೈ ಸವೆದು ತೆಳ್ಳಗಾಗಿತ್ತು. ಪಡುವಣ ತುದಿಯ ಹತ್ತಿರ ಕೆತ್ತಿದ ತಾವರೆ, ಆದರೆ ಅರ್ಧ ಮಾತ್ರ; ಉಳಿದರ್ಧ ಗೋಡೆಯೊಳಗೆ. ಹಾಲ್‌ನ ಅಗಲಕ್ಕಿಂತ ತೊಲೆ ಉದ್ದವಾಗಿತ್ತು, ಕತ್ತರಿಸಲು ಮನಸ್ಸಾಗದೆ ಗೋಡೆಯ ಒಳಕ್ಕೆ ದೂಡಿದ್ದರು. ಅಜ್ಜಿ ಕೊಂಡಿಯನ್ನು ನೋಡಿದ ಕೂಡಲೇ ಇದು ಇಂಥವರ ಮನೆಯ ನಡುಮನೆ ತೊಲೆ, ಅದಕ್ಕೆ ತೊಟ್ಟಿಲು ಕಟ್ಟುತ್ತಿದ್ದರು ಎಂದು ಹೇಳಿದರು. ಆ ಮನೆತನದವರು ಈಗ ಭದ್ರಾವತಿ ಕಡೆ ಇದ್ದಾರೆ. ಊರು ಬಿಟ್ಟು ಹೋಗುವವರು ಊರಲ್ಲಿ ಉಳಿಯುವವರ ಭವನಕ್ಕೆ ತೊಲೆ ಕೊಟ್ಟು ಹೋಗಿದ್ದರು. ಇದು ಆ ಕಲ್ಲಿನ ಮೇಲೆ ಇಲ್ಲ.

ತೊಲೆ ಕೊಳೆತದ್ದಕ್ಕೆ ಕಾರಣ ಮಾಡು ಸೋರಿದ್ದು ಎಂದೇ ಎಲ್ಲರೂ ತಿಳಿದಿದ್ದೆವು. ನಿಜವಾದ ಕಾರಣ ಗೋಡೆಯಲ್ಲಿತ್ತು. ಜಂಬಿಟ್ಟಿಗೆಯ, ಅಂದರೆ ಕೆಂಪು ಮುರಕಲ್ಲಿನ, ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡಿಮಾಡುವುದಿಲ್ಲ. ಕೆಲವು ದಶಕಗಳ ಹಿಂದೆ ಅನುದಾನ ಬಂದಾಗ ಒಬ್ಬ ಗುತ್ತಿಗೆದಾರರು ಹೊರಮೈಗೆಲ್ಲ ದಪ್ಪ ಸಿಮೆಂಟ್ ಬಳಿದು ಹೋಗಿದ್ದರು. ಸಿಮೆಂಟಿನಲ್ಲಿ ಬಿದ್ದ ಸಣ್ಣ ಸೀಳುಗಳಿಂದ ನೀರು ಒಳಗೆ ಹೋಗುತ್ತಿತ್ತು, ಹೊರಬರಲು ದಾರಿ ಇರಲಿಲ್ಲ. ವರ್ಷವಿಡೀ ಒದ್ದೆಯಾಗಿರುವ ಕಲ್ಲಿನ ಗೂಡಿನಲ್ಲಿ ಮತ್ತಿಯಂಥ ಮರವೂ ಕೊಳೆಯದೆ ಇನ್ನೇನು? ಒಣಗಿದ ಮೂಡಣ ತುದಿಯಲ್ಲಿ ಅದೇ ತೊಲೆಗೆ ಉಳಿ ಹಾಕಿದರೆ ಚಕ್ಕೆ ಏಳುವುದೂ ಕಷ್ಟ.

ಇಡೀ ತೊಲೆ ಬದಲಿಸಿ, ಕಬ್ಬಿಣದ ಗರ್ಡರ್ ಹಾಕಿ ಎಂದು ಹೇಳಿದವರಿದ್ದರು. ಮುಕ್ಕಾಲು ಪಾಲು ಗಟ್ಟಿಯಾಗಿರುವ ಮರವನ್ನು ಒಂದು ತುದಿ ಕೆಟ್ಟಿತೆಂದು ಬಿಸಾಡುವುದು ನನಗೆ ಒಗ್ಗಲಿಲ್ಲ. ಆಚಾರಿ ನನ್ನ ಪಕ್ಷಕ್ಕೆ ಬಂದರು. ಮೊದಲು ತೊಲೆಯ ಎರಡೂ ಬದಿಗೆ ಅಡ್ಡಮರ ಕೊಟ್ಟು, ಕೆಳಗೆ ದಪ್ಪ ಹಲಗೆ ಹಾಸಿ, ಲಾರಿಯ ಜಾಕಿಗಳನ್ನು ಇಟ್ಟು ಭಾರ ಹೊರಿಸಿದೆವು. ಜಾಕಿ ತಿರುಗಿಸುವಾಗ ಅವಸರ ಕೂಡದು. ವರ್ಷಗಟ್ಟಲೆ ಜೋತ ಮಾಡನ್ನು ಒಂದೇ ಬೆಳಗ್ಗೆ ನೆಟ್ಟಗೆ ಮಾಡಹೋದರೆ ಬೇರೆ ಕಡೆಯ ಬೆಸುಗೆಗಳು ಬಿಟ್ಟುಕೊಳ್ಳುತ್ತವೆ. ದಿನಕ್ಕೆ ಕಾಲು ಇಂಚು, ಅರ್ಧ ಇಂಚು. ಕಿರುಗುಟ್ಟಿದರೆ ಅಂದಿಗೆ ಸಾಕು. ಪೂರ್ತಿ ನೇರ ಮಾಡಲಿಲ್ಲ. ಈಗಲೂ ದಾರ ಹಿಡಿದರೆ ನೆತ್ತಿಯಲ್ಲಿ ಸಣ್ಣ ತಗ್ಗು ಸಿಗುತ್ತದೆ, ಅದು ಇರಲಿ.

ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೂ ಹಿಂದೆ ಬಂದು ಓರೆಯಾಗಿ ಕೊಯ್ದೆವು. ಓರೆಯ ಉದ್ದ ತೊಲೆಯ ಎತ್ತರದ ಮೂರು ಪಟ್ಟು, ಅಂದರೆ ಮೂರು ಅಡಿ. ಗಿಡ್ಡ ಓರೆ ಭಾರ ತಡೆಯುವುದಿಲ್ಲ. ಹೊಸ ತುಂಡಿಗೆ ಹಸಿ ಮರ ಆಗದು, ಒಣಗುತ್ತ ಕುಗ್ಗಿ ಬೆಸುಗೆ ಸಡಿಲವಾಗುತ್ತದೆ. ಹೊಸನಗರದ ಕಡೆ ಹಳೆಯ ಮನೆ ಕೆಡವಿ ತಾರಸಿ ಹಾಕಿಸುತ್ತಿದ್ದವರಲ್ಲಿ ಒಂದು ಮತ್ತಿ ತೊಲೆ ಸಿಕ್ಕಿತು. ಮಲೆನಾಡಿನಲ್ಲಿ ಈಗ ಹಳೆಯ ಮರಮಟ್ಟಿಗೆ ಬರವಿಲ್ಲ, ಉಳಿಯುವ ಮಾಡುಗಳಿಗೇ ಬರ. ಆಚಾರಿ ಎರಡು ಓರೆಗಳಿಗೂ ಕುಂಕುಮದ ನೀರು ಬಳಿದು ಒಂದರ ಮೇಲೊಂದು ಒತ್ತುತ್ತ, ಬಣ್ಣ ಅಂಟಿದ ಉಬ್ಬನ್ನು ಮಾತ್ರ ಉಳಿಯಿಂದ ಸವರುತ್ತ, ಮೈಗೆ ಮೈ ಕೂರುವವರೆಗೆ ಬಿಡಲಿಲ್ಲ. ಆಮೇಲೆ ತುಕ್ಕು ಹಿಡಿಯದ ನಾಲ್ಕು ಬೋಲ್ಟುಗಳನ್ನು ಒಂದೇ ಎಳೆಯ ಗೆರೆಗೆ ಬಾರದಂತೆ ಹಿಂದೆ ಮುಂದೆ ಮಾಡಿ ಬಿಗಿದರು. ಒಂದೇ ಗೆರೆಯಲ್ಲಿ ಬಿದ್ದರೆ ಮರ ಉದ್ದಕ್ಕೂ ಸೀಳುತ್ತದೆ.

ಹೊಸ ತುದಿಯ ಮೇಲೆ ತಾವರೆಯ ಉಳಿದರ್ಧ ಕೆತ್ತಿಕೊಡಲೇ ಎಂದು ಅವರು ಕೇಳಿದರು. ಬೇಡ ಎಂದೆ. ಅರ್ಧ ಹೂವಿನ ಪಕ್ಕದಲ್ಲಿ ಬೋಳು ಮರ ಕಾಣಲಿ, ಎಲ್ಲಿ ಹಳೆಯದು ಮುಗಿಯಿತು ಎಂದು ಮುಂದೆ ರಿಪೇರಿ ಮಾಡುವವರಿಗೆ ತಿಳಿಯುತ್ತದೆ. ಆಚಾರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಹೊಸ ತುಂಡಿನ ಬದಿಯಲ್ಲಿ, ನನಗೆ ಹೇಳದೆ, ಉಗುರಿನಷ್ಟು ಅಗಲದ ಒಂದು ಪುಟ್ಟ ಹೂವು ಕೆತ್ತಿ ಬಿಟ್ಟಿದ್ದಾರೆ.

ಗೋಡೆಯ ಗೂಡಿನಲ್ಲಿ ತೊಲೆಯ ಅಡಿಗೆ ಕಣಶಿಲೆಯ (ಗ್ರಾನೈಟ್) ಹಾಸುಗಲ್ಲು ಕೊಟ್ಟು, ಸುತ್ತ ಎರಡು ಬೆರಳಿನಷ್ಟು ಗಾಳಿಯಾಡಲು ಜಾಗ ಬಿಟ್ಟೆವು. ತುದಿಗೆ, ಪಕಾಸಿಗಳಿಗೆ, ಬದಲಿಸಿದ ರೀಪುಗಳಿಗೆಲ್ಲ ಗೇರುಬೀಜದ ಸಿಪ್ಪೆಯ ಗೇರೆಣ್ಣೆ. ಗೆದ್ದಲಿಗೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ, ಆದರೆ ಕೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಇಲ್ಲದವರನ್ನು ಡಬ್ಬದ ಹತ್ತಿರ ಬಿಡಲಿಲ್ಲ.

ಗೋಡೆ, ಗಾರೆ

ಪಡುವಣ ಗೋಡೆಯ ಸಿಮೆಂಟ್ ಕೀಳುವುದು ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ. ಉಳಿಯನ್ನು ಗೋಡೆಗೆ ನೇರ ಹಿಡಿದರೆ ಸಿಮೆಂಟಿನ ಜೊತೆ ಕಲ್ಲಿನ ಮೈಯೂ ಕಿತ್ತು ಬರುತ್ತದೆ, ಓರೆಯಾಗಿ ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಜಂಬಿಟ್ಟಿಗೆ ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಸಿಮೆಂಟಿನಡಿ ಉಸಿರುಗಟ್ಟಿದ್ದ ಕಲ್ಲುಗಳು ಕೆಲವು ಕಡೆ ಉಗುರಿಗೆ ಉದುರುತ್ತಿದ್ದವು. ತೀರಾ ಕೆಟ್ಟವನ್ನು ತೆಗೆದು ಹೊಸ ಕಲ್ಲು ಕೊಟ್ಟೆವು.

ಇಲ್ಲೂ ಒಂದು ವಿಷಯ ಗಮನಕ್ಕೆ ಬಂತು. ಗೋಡೆಯ ಕೆಳಭಾಗದ ವರಸೆಗಳು ನೂಲು ಹಿಡಿದಂತಿವೆ, ಕಲ್ಲಿನ ಮೂಲೆಗಳು ಚೂಪು. ಎದೆಮಟ್ಟ ದಾಟಿದ ಮೇಲೆ ವರಸೆ ಏರುಪೇರಾಗುತ್ತದೆ, ಕಲ್ಲು ಚಿಕ್ಕದಾಗುತ್ತದೆ, ಗಾರೆ ದಪ್ಪವಾಗುತ್ತದೆ. ಸಂಬಳದ ಮೇಸ್ತ್ರಿ ಅಡಿಪಾಯ ಮತ್ತು ಮೊದಲ ವರಸೆಗಳನ್ನು ಕಟ್ಟಿಕೊಟ್ಟು ಹೋಗಿದ್ದಾನೆ, ದುಡ್ಡು ಮುಗಿದ ಮೇಲೆ ಊರವರೇ ಕಟ್ಟಿದ್ದಾರೆ ಎಂದು ನನ್ನ ಲೆಕ್ಕ. ಅಜ್ಜಿಯನ್ನು ಕೇಳಿದರೆ ಅವರಿಗೆ ಮೇಸ್ತ್ರಿಯ ನೆನಪಿಲ್ಲ. ಮರಳಿನ ನೆನಪಿದೆ. “ಹಳ್ಳದಿಂದ ಬುಟ್ಟಿಯಲ್ಲಿ ಹೊತ್ತವರು ನಾವು ಹೆಂಗಸರು. ಬೆಳಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಬರುತ್ತಿದ್ದೆವು. ಗಂಡಸರು ಬರುವ ಹೊತ್ತಿಗೆ ರಾಶಿ ಬಿದ್ದಿರುತ್ತಿತ್ತು.”

ಹೊಸ ಗಾರೆಗೆ ಚಿಪ್ಪಿನ ಸುಣ್ಣವನ್ನು ಭಟ್ಕಳದ ಕಡೆಯಿಂದ ಕೋಗಾರು ಘಾಟಿ ಹತ್ತಿಸಿ ತರಿಸಿದೆವು. ಸುಣ್ಣ ಅರಳಿಸುವಾಗ ನೀರು ಕುದಿದು ಸಿಡಿಯುತ್ತದೆ, ಮಕ್ಕಳನ್ನು ಅತ್ತ ಸುಳಿಯಲು ಬಿಡಬಾರದು. ಅರಳಿದ್ದನ್ನು ಜರಡಿ ಹಿಡಿದು, ಗುಂಡಿಯಲ್ಲಿ ನೀರಿನಡಿ ಬೆಣ್ಣೆಯಂತಾಗುವವರೆಗೆ ಇಟ್ಟೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಆ ಮರಳಿನ ಒಂದಂಶದ ಬದಲು ಹೆಂಚಿನ ಪುಡಿ. ಡಬ್ಬೆಂದ ಹೆಂಚುಗಳು ಇಲ್ಲಿ ಕೆಲಸಕ್ಕೆ ಬಂದವು. ಬರೀ ಸುಣ್ಣ ಗಾಳಿಯನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಸುಟ್ಟ ಮಣ್ಣಿನ ನಯವಾದ ಪುಡಿ ಸೇರಿದರೆ ಒದ್ದೆಯಲ್ಲೂ ಹಿಡಿಯುತ್ತದೆ. ನಮ್ಮ ಮಳೆಗೆ ಅದೇ ಬೇಕು. ಬಳಿದ ಮೇಲೆ ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಇಳಿಬಿಟ್ಟು ಹೊತ್ತುಹೊತ್ತಿಗೆ ನೀರು ಚಿಮುಕಿಸಿದೆವು.

ವೈರಿಂಗ್ ಪೂರ್ತಿ ಹೊಸದು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಹಳೆಯದು ಇಲಿಯ ಪಾಲಾಗಿತ್ತು.

ನೆಲದ ಜಗಳ

ಮುಂಭಾಗದಲ್ಲಿ ಗಣ್ಯರ ಕುರ್ಚಿ ಹಾಕಲು ನೆಲವನ್ನು ಒಂದು ಮೆಟ್ಟಿಲು ಎತ್ತರಿಸೋಣ ಎಂಬ ಸಲಹೆ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಸಭೆ ರಾತ್ರಿ ಊಟದ ಹೊತ್ತು ಮೀರಿತು. ನಾನು ವಿರೋಧಿಸಿದವರಲ್ಲೊಬ್ಬ. ಈ ಭವನ ಬರುವ ಮೊದಲು ಪಂಚಾಯಿತಿಕೆ ನಡೆಯುತ್ತಿದ್ದದ್ದು ದೊಡ್ಡ ಮನೆಯ ಜಗಲಿಯಲ್ಲಿ. ಯಾರು ಮೇಲಿನ ಜಗಲಿ, ಯಾರು ಕೆಳಗಿನದು, ಯಾರು ಅಂಗಳ ಎಂಬುದು ಕೂರುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಗೇಣಿದಾರರ ಕಾಗೋಡು ಸತ್ಯಾಗ್ರಹ ಇದೇ ತಾಲ್ಲೂಕಿನಲ್ಲಿ 1951ರಲ್ಲಿ ನಡೆದದ್ದು. ಅದನ್ನು ಕಣ್ಣಾರೆ ಕಂಡವರೋ ಕಿವಿಯಾರೆ ಕೇಳಿದವರೋ ಈ ನೆಲ ಹಾಕಿದವರು. ಎಲ್ಲೆಲ್ಲಿಂದಲೋ ಬಂದ ತೊಲೆ, ಎಲ್ಲೆಲ್ಲಿಂದಲೋ ಬಂದ ಹೆಂಚಿನ ಈ ಕಟ್ಟಡದಲ್ಲಿ ಮಟ್ಟ ಹಿಡಿದು ಮಾಡಿದ್ದು ನೆಲ ಒಂದನ್ನೇ. ಬಾಗಿಲಿನಿಂದ ವೇದಿಕೆಯ ಬುಡದವರೆಗೆ ನೀರಿನ ಮಟ್ಟದ ಕೊಳವೆ ಇಟ್ಟು ನೋಡಿದೆ, ಒಂದು ನೂಲಿನಷ್ಟೂ ಏರುಪೇರಿಲ್ಲ. ಕೈಗೆ ಬಂದಂತೆ ಮಾಡಿದ್ದರೆ ಹಾಗಾಗುತ್ತಿರಲಿಲ್ಲ. ಕೊನೆಗೆ ನೆಲ ಇದ್ದಂತೆಯೇ ಉಳಿಯಿತು. ಬಿರುಕಿಗೆ ಕೆಂಪು ಆಕ್ಸೈಡ್ ತುಂಬಿ ಉಜ್ಜಿದೆವು.

ಹೊದೆಸಿದ್ದು, ಉಳಿದದ್ದು

ಸೂರಿನಿಂದ ಮೇಲಕ್ಕೆ, ಎರಡೂ ಬದಿ ಸಮವಾಗಿ ಹೆಂಚು ಏರಿತು. ನೆತ್ತಿಯ ಹೆಂಚುಗಳನ್ನು ಸಿಮೆಂಟಿನಲ್ಲಿ ಕೂರಿಸುವ ಬದಲು ಅದೇ ಸುಣ್ಣದ ಗಾರೆಯಲ್ಲಿ ಕೂರಿಸಿದೆವು. ಬಿಸಿಲಿಗೆ ಮರ, ಹೆಂಚು ಮಿಸುಕುತ್ತವೆ, ಸಿಮೆಂಟ್ ಮಿಸುಕುವುದಿಲ್ಲ, ಸೀಳುತ್ತದೆ. ವೇದಿಕೆಯ ಮೇಲೆ ನಾಲ್ಕು ಗಾಜಿನ ಹೆಂಚು ಕೊಟ್ಟಿದ್ದರಿಂದ ಹಗಲಿನಲ್ಲಿ ದೀಪ ಬೇಡ. ಬಿಡಿ ಹೆಂಚುಗಳನ್ನು ಮುದ್ರೆವಾರು ಮೂರು ಅಟ್ಟಿ ಮಾಡಿ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇವೆ, ಅಟ್ಟಿಯ ಮೇಲೆ ಯಾವ ಇಳಿಜಾರಿಗೆ ಎಂದು ಸುಣ್ಣದಲ್ಲಿ ಬರೆದಿದೆ. ಕಲ್ಲಿನ ಕೆಳಗೆ ಒಂದು ಹಲಗೆ ಹಾಕಿ ತೊಲೆ ಕೊಟ್ಟ ಮನೆ, ಹೆಂಚು ಕೊಟ್ಟ ಮನೆಗಳು, ಮರಳು ಹೊತ್ತವರ ಹೆಸರು, ನೆನಪಿದ್ದಷ್ಟು, ಬರೆಯುವ ಕೆಲಸ ನಡೆದಿದೆ. ಅಜ್ಜಿ ಒಂದೊಂದೇ ಹೇಳುತ್ತಿದ್ದಾರೆ, ಅವರ ಮೊಮ್ಮಗಳು ಬರೆದುಕೊಳ್ಳುತ್ತಿದ್ದಾಳೆ. ಗಂಡಂದಿರ ಹೆಸರಿನ ಬದಲು ಹೊತ್ತವರ ಸ್ವಂತ ಹೆಸರೇ ಬರಬೇಕೆಂದು ಅವಳ ಹಟ.

ಮುಗಿಯದ ಕೆಲಸ ಎರಡು. ಪಡುವಣ ಸೂರಿಗೆ ಮಳೆನೀರು ಹರಿಸುವ ದೋಣಿ ಹಾಕಿಲ್ಲ, ಸೂರಿನ ನೀರು ಈಗಲೂ ಗೋಡೆಯ ಬುಡಕ್ಕೇ ಬೀಳುತ್ತದೆ. ಈ ಮಳೆಗಾಲಕ್ಕೆ ಸೋಗೆಯ ಜಡಿ (ತಡಿಕೆ) ಕಟ್ಟಿ ಸುಧಾರಿಸುತ್ತೇವೆ. ಎರಡನೆಯದು ಮಂಗ. ಹೆಂಚಿನ ಮೇಲೆ ಮಂಗನ ಹಿಂಡು ಹಾದರೆ ಹೆಂಚು ಜರುಗುತ್ತದೆ, ಒಡೆಯುತ್ತದೆ, ಅದಕ್ಕಾಗಿ ಹೆಂಚಿನ ಮೇಲೆ ತಗಡಿನ ಶೀಟ್ ಹೊದೆಸಬೇಕೆಂದು ಅರ್ಧ ಊರು ಹೇಳುತ್ತಿದೆ. ಶೀಟಿನ ಮೇಲೆ ಮಳೆ ಬಿದ್ದರೆ ತಾಳಮದ್ದಳೆಯ ಅರ್ಥ ಬಿಡಿ, ಮದ್ದಳೆಯೇ ಕೇಳಿಸುವುದಿಲ್ಲ ಎಂದು ಇನ್ನರ್ಧ ಊರು. ಮಂಗನ ವಾದಕ್ಕೆ ನನ್ನ ಬಳಿ ಗಟ್ಟಿ ಉತ್ತರ ಇಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಮನೆಗೊಬ್ಬರಂತೆ ಸರದಿಯ ಪಟ್ಟಿ ಹಾಕಿ ಎಂದಿದ್ದೇನೆ. ಪಟ್ಟಿಗೆ ಇದುವರೆಗೆ ಹನ್ನೊಂದು ಮನೆಯವರು ಹೆಸರು ಕೊಟ್ಟಿದ್ದಾರೆ. ಮುಂದಿನ ಸಭೆ ಕಾರ ಹುಣ್ಣಿಮೆಯ ಮರುದಿನ.